ಏಲಕ್ಕಿ ಹಸಿರೋ, ಪಿಸ್ತಾ ಹಸಿರೋ?

ಇವತ್ತಿನ ಮಾತು ಗೋಡೆಗೆ ಬಳಿಯುವ ಹಸಿರಿನ ಬಗ್ಗೆ.

ನಿಮ್ಮಲ್ಲಿ ಕೆಲವರಿಗಾದರೂ ಈ ಫಜೀತಿ ಗೊತ್ತಿರುತ್ತದೆ. ಸಾಲ್ಮಿಯಾದಲ್ಲೋ ಮಂಗಾಫ್‌ನಲ್ಲೋ ಒಂದು ಬಾಡಿಗೆ ಫ್ಲ್ಯಾಟು, ಅದರಲ್ಲಿ ನಿಮಗೆಂದು ಒಂದು ಕೋಣೆ, ನಾಲ್ಕೂ ಕಡೆ ಕೆನೆಬಣ್ಣದ ಗೋಡೆ. ಹಸಿರು ಬಳಿಸೋಣ ಎಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಶೇಡ್ ಕಾರ್ಡು ತಂದು, ಇದ್ದಬದ್ದ ಹಸಿರನ್ನೆಲ್ಲ ಜರಡಿ ಹಿಡಿದು, ಕೊನೆಗೆ ಎರಡು ಉಳಿದಿವೆ. ಪಕ್ಕಪಕ್ಕ ಹಿಡಿದರೆ ಬೇರೆ ಎನ್ನಿಸುತ್ತವೆ, ಒಂದೊಂದಾಗಿ ನೋಡಿದರೆ ಒಂದೇ ಎನ್ನಿಸುತ್ತವೆ. ಬೆಳಿಗ್ಗೆ ಇದು ಚೆಂದ, ರಾತ್ರಿ ಅದು ಚೆಂದ. ಇದನ್ನು ಬಗೆಹರಿಸುವ ದಾರಿ ನಿಮ್ಮ ಅಮ್ಮನಿಗೆ ಆಗಲೇ ಗೊತ್ತಿದೆ. ಅವರು ಅದನ್ನು ಕಲಿತದ್ದು ಸೀರೆ ಅಂಗಡಿಯಲ್ಲಿ.

ರಜೆಗೆ ಊರಿಗೆ ಹೋದಾಗ ನೋಡಿರುತ್ತೀರಿ. ಸೀರೆ ಮನಸ್ಸಿಗೆ ಬಂದ ಮೇಲೂ ಅಮ್ಮ ಅದನ್ನು ಎತ್ತಿಕೊಂಡು ಅಂಗಡಿಯ ಬಾಗಿಲ ತನಕ ಬರುತ್ತಾರೆ, ಸೆರಗನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಕಂಡ ಬಣ್ಣವನ್ನು ಅವರು ನಂಬುವುದಿಲ್ಲ. ಆಮೇಲೆ ಮ್ಯಾಚಿಂಗ್ ಸೆಂಟರಿಗೆ ಹೋಗಿ ರವಿಕೆ ಬಟ್ಟೆ ಹುಡುಕುವಾಗಲೂ ಅದೇ ಕಥೆ. ಅಂಗಡಿಯಲ್ಲಿ ಸೀರೆಗೆ ಕರಾರುವಾಕ್ಕಾಗಿ ಹೊಂದಿದ ಬಟ್ಟೆ ಮದುವೆ ಮಂಟಪದಲ್ಲಿ ಬೇರೆಯೇ ಹಸಿರಾಗಿ ಕಾಣುವುದುಂಟು. ಎರಡು ಬಟ್ಟೆಗೆ ಬಣ್ಣ ಕೊಟ್ಟ ರಾಸಾಯನಿಕಗಳು ಬೇರೆಯಾಗಿದ್ದರೆ, ಒಂದು ಬೆಳಕಿನಲ್ಲಿ ಹೊಂದಿಕೊಂಡ ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಜಗಳವಾಡುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಸೀರೆಯನ್ನೇನೋ ಬಾಗಿಲಿಗೆ ತರಬಹುದು, ಗೋಡೆಯನ್ನು ತರಲಾಗದು. ಹಾಗಾಗಿ ಬಣ್ಣವನ್ನೇ ಗೋಡೆಯ ಹತ್ತಿರ ಒಯ್ಯಬೇಕು. ನಾನು ಹೇಳಬೇಕೆಂದಿರುವುದರ ಹುರುಳು ಇಷ್ಟೇ. ಉಳಿದದ್ದು ಅದನ್ನು ಮಾಡುವ ಬಗೆ.

ಮೊದಲು ಎರಡು ಹಸಿರಿನ ನಡುವೆ ವ್ಯತ್ಯಾಸ ಎಲ್ಲಿದೆ ಎಂದು ಕಂಡುಕೊಳ್ಳಬೇಕು. ಅಮೆರಿಕದ ಬಾಸ್ಟನ್ನಿನಲ್ಲಿ ಆಲ್ಬರ್ಟ್ ಮನ್ಸೆಲ್ ಎಂಬ ಚಿತ್ರಕಲೆಯ ಮೇಷ್ಟರಿದ್ದರು. ಬಣ್ಣಗಳನ್ನು ಬಾಯಿಗೆ ಬಂದ ಹೆಸರಿನಿಂದ ಕರೆಯುವುದು ಅವರಿಗೆ ಸರಿಬರಲಿಲ್ಲ. 1905ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಯಾವುದೇ ಬಣ್ಣವನ್ನು ಮೂರು ಅಳತೆಗಳಲ್ಲಿ ಹೇಳಬಹುದು ಎಂದು ತೋರಿಸಿದರು. ಅದನ್ನು ನಮ್ಮ ಕೆಲಸಕ್ಕೆ ಮೂರು ಪ್ರಶ್ನೆಗಳಾಗಿ ಮಾಡಿಕೊಳ್ಳೋಣ. ಈ ಹಸಿರು ಯಾವ ಕಡೆ ವಾಲಿದೆ, ಹಳದಿಯ ಕಡೆಗೋ ನೀಲಿಯ ಕಡೆಗೋ? ಎಷ್ಟು ತಿಳಿ, ಎಷ್ಟು ಗಾಢ? ಎಷ್ಟು ಚುರುಕು, ಎಷ್ಟು ಬೂದು? ಎರಡು ಕಾರ್ಡುಗಳನ್ನು ಅಚ್ಚ ಬಿಳಿ ಕಾಗದದ ಮೇಲಿಟ್ಟು ಈ ಮೂರನ್ನೂ ಕೇಳಿ. ಒಂದರಲ್ಲಿ ಉತ್ತರ ಬೇರೆ ಬಂದೇ ಬರುತ್ತದೆ. ಗೋಡೆಯ ಬಣ್ಣದಲ್ಲಿ ಹೆಚ್ಚಾಗಿ ಕಾಡುವುದು ಮೊದಲನೆಯದೂ ಮೂರನೆಯದೂ. ಕಾರ್ಡಿನ ಮೇಲೆ ಸುಳ್ಳಾಡದೆ ಕಾಣುವುದು ಎರಡನೆಯದು ಮಾತ್ರ, ಅದಕ್ಕೇ ಎಲ್ಲರೂ ತಿಳಿಯೋ ಗಾಢವೋ ಎಂದಷ್ಟೇ ನೋಡಿ ಬಣ್ಣ ಕೊಂಡುಬಿಡುತ್ತಾರೆ.

ಇಲ್ಲಿ ಕನ್ನಡ ನಿಮ್ಮ ಸಹಾಯಕ್ಕೆ ಬರುತ್ತದೆ. ಕನ್ನಡ ಎಂ.ಎ. ಮಾಡಿದವಳು ಬಣ್ಣದ ಡಬ್ಬಿಯಲ್ಲೂ ಭಾಷೆ ಹುಡುಕುತ್ತಾಳೆ ಎಂದು ನಗಬೇಡಿ. ನಮ್ಮಲ್ಲಿ ಹಸಿರು ಎನ್ನುವುದು ಬರಿಯ ಬಣ್ಣದ ಹೆಸರಲ್ಲ. ಹಸಿಮೆಣಸಿನಕಾಯಿಯ ‘ಹಸಿ’, ಎಳೆ ಮಗುವನ್ನು ಕರೆಯುವ ‘ಹಸುಳೆ’, ಇವೆಲ್ಲ ಒಂದೇ ಬೇರಿನ ಮಾತುಗಳು. ಹಳಗನ್ನಡದಲ್ಲಿ ಇದು ‘ಪಸುರ್’. ಪಾಲು ಹಾಲಾದ ಹಾಗೆ, ಪಸುರು ಹಸುರಾಯಿತು. ಕುವೆಂಪು ತಮ್ಮ ಕವಿತೆಗೆ ‘ಹಸುರು’ ಎಂದೇ ಹೆಸರಿಟ್ಟಿದ್ದಾರೆ, ನಾವು ಹಸಿರು ಎನ್ನುತ್ತೇವೆ, ಎರಡೂ ಸರಿ. ನಿಮ್ಮ ಮಲಯಾಳಿ ಗೆಳೆಯರ ‘ಪಚ್ಚ’, ಮಂಗಳೂರು ಕಡೆಯ ಮನೆಗಳಲ್ಲಿ ತುಳುವಿನ ‘ಪಚ್ಚೆ’ ಕೂಡ ಇದೇ ವಂಶದವು. ಶಾಲೆಯಲ್ಲಿ ಅರಬಿ ಕಲಿತವರು ಗಮನಿಸಿರಬಹುದು, ಅಲ್ಲಿಯೂ ಹಸಿರಿಗೆ ಅಖ್ದರ್, ತರಕಾರಿಗೆ ಖುದ್ರಾ.

ಈ ಹಸಿರಿನ ಹಿಂದೆ ನಾವು ಸಲೀಸಾಗಿ ಒಂದು ವಸ್ತುವನ್ನು ಸೇರಿಸುತ್ತೇವೆ. ಗಿಳಿಹಸಿರು ಎಂದ ತಕ್ಷಣ ಅದು ಹಳದಿಗೆ ವಾಲಿದ ಚುರುಕು ಹಸಿರು ಎಂದು ಗೊತ್ತಾಗುತ್ತದೆ. ಪಾಚಿಹಸಿರು ಗಾಢ ಮತ್ತು ಮಂಕು. ಬಾಳೆಯ ಸುಳಿ ಬಿಚ್ಚಿಕೊಳ್ಳುವಾಗಿನ ಹಸಿರು ಬೇರೆ, ಊಟಕ್ಕೆ ಹಾಕುವ ಬಲಿತ ಎಲೆಯ ಹಸಿರು ಬೇರೆ. ಎಳೆ ವೀಳ್ಯದೆಲೆ ಬೇರೆ, ಕರಿಬೇವು ಬೇರೆ, ಹೆಸರುಕಾಳು ಬೇರೆ. (ಮಾವಿನ ಚಿಗುರನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅದು ಮೊದಲು ತಾಮ್ರದ ಬಣ್ಣದಲ್ಲಿ ಹುಟ್ಟಿ ಆಮೇಲೆ ಹಸಿರಾಗುತ್ತದೆ. ಊರಿಗೆ ಹೋದಾಗ ನೋಡಿ.) ಸೀರೆ ಅಂಗಡಿಯವರೂ ಇದೇ ಜಾಣ್ಮೆಯಿಂದ ಪಿಸ್ತಾ ಕಲರ್, ಮೆಹೆಂದಿ ಗ್ರೀನ್ ಎನ್ನುತ್ತಾರೆ; ನೀಲಿಗೆ ವಾಲಿದ್ದಕ್ಕೆ ರಾಮಾ ಗ್ರೀನ್ ಎನ್ನುತ್ತಾರೆ. ಮನ್ಸೆಲ್ ಮೇಷ್ಟರ ಮೂರು ಪ್ರಶ್ನೆಗೂ ಇಂಥ ಒಂದೊಂದು ಹೆಸರಿನಲ್ಲಿ ಒಟ್ಟಿಗೆ ಉತ್ತರ ಸಿಗುತ್ತದೆ.

ಕಂಪನಿಗಳೂ ಕಾರ್ಡಿನ ಮೇಲೆ ಹೆಸರು ಕೊಟ್ಟಿರುತ್ತವೆ, ನಿಜ. ಈಗ ಎಲ್ಲೆಲ್ಲೂ ಓಡುತ್ತಿರುವುದು ‘ಸೇಜ್’. ಆ ಗಿಡವನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಆದರೆ ಇಲ್ಲಿ ಅರಬರ ಮನೆಗಳಲ್ಲಿ ಚಹಾಕ್ಕೆ ಹಾಕುವ ಮರಮಿಯಾ ಎಂಬ ಒಣ ಎಲೆ ಇದೆಯಲ್ಲ, ಅದೇ ಸೇಜ್. ಹಾಗಾಗಿ ನನ್ನದೊಂದು ಸಲಹೆ. ಒಂದು ಸಂಜೆ ಎರಡು ಕಾರ್ಡು ಜೇಬಿನಲ್ಲಿಟ್ಟುಕೊಂಡು ಮುಬಾರಕಿಯಾ ಸೂಕಿನ ಮಸಾಲೆ ಅಂಗಡಿಗಳ ಸಾಲಿಗೆ ಹೋಗಿ. ಸ್ವಲ್ಪ ಏಲಕ್ಕಿ, ಸ್ವಲ್ಪ ಸಿಪ್ಪೆ ಸುಲಿದ ಪಿಸ್ತಾ, ಒಂದು ಹಿಡಿ ಮರಮಿಯಾ ತನ್ನಿ. ಮನೆಗೆ ಬಂದು ಬಿಳಿ ತಟ್ಟೆಯಲ್ಲಿ ಮೂರನ್ನೂ ಹರಡಿ, ಕಿಟಕಿಯ ಬೆಳಕಿನಲ್ಲಿ ಕಾರ್ಡುಗಳನ್ನು ಪಕ್ಕದಲ್ಲಿಡಿ. ಪಿಸ್ತಾದ ಹಸಿರು ಹಳದಿಗೆ ವಾಲಿದ್ದು, ಚುರುಕು. ಮರಮಿಯಾ ಬೂದಿ ಸವರಿದ ಹಾಗೆ. ಏಲಕ್ಕಿ ಇವೆರಡರ ನಡುವೆ, ತಿಳಿಯಾಗಿ, ಸ್ವಲ್ಪ ಒಣಕಲಾಗಿ. ನಿಮ್ಮ ಒಂದನೇ ಕಾರ್ಡು ಯಾವುದರ ಹತ್ತಿರ, ಎರಡನೆಯದು ಯಾವುದರ ಹತ್ತಿರ ಎಂದು ಹೇಳಲು ಆಗ ಕಷ್ಟವಾಗುವುದಿಲ್ಲ. ಆ ಹೆಸರನ್ನು ಕಾರ್ಡಿನ ಹಿಂದೆ ಕನ್ನಡದಲ್ಲಿ ಬರೆದಿಡಿ. ಅಜ್ಜಿಗೆ ಫೋನಿನಲ್ಲಿ ಹೇಳಲೂ ಸುಲಭ: ‘ಏಲಕ್ಕಿ ಹಸಿರು ಅಜ್ಜಿ’ ಎಂದರೆ ಅವರಿಗೆ ಕಣ್ಣಿಗೆ ಕಟ್ಟುತ್ತದೆ. ಸಾಮಾನು ಹಾಳಾಗುವುದಿಲ್ಲ, ಪಾಯಸಕ್ಕೆ ಆಗುತ್ತದೆ. ಮರಮಿಯಾ ಬಿಟ್ಟು.

ಇನ್ನು ಬೆಳಕು. ಕುವೈತಿನ ಬೆಳಕು ಊರಿನ ಬೆಳಕಲ್ಲ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕುವೈತ್ ನಗರ 29 ಡಿಗ್ರಿ ದಾಟಿದೆ. ಇಲ್ಲಿ ಜೂನ್ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಸುಮಾರು 84 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರಿನಲ್ಲಿ ಅದೇ ಹೊತ್ತಿಗೆ 37 ಡಿಗ್ರಿಗೆ ಇಳಿಯುತ್ತಾನೆ. ಅಂದರೆ ನಿಮ್ಮ ಕಿಟಕಿ ದಕ್ಷಿಣಕ್ಕಿದ್ದರೆ ಬೇಸಿಗೆಯಲ್ಲಿ ಬಿಸಿಲು ಒಳಗೆ ಇಣುಕುವುದೇ ಕಡಿಮೆ, ಚಳಿಗಾಲದಲ್ಲಿ ಮಂಚದ ತನಕ ಬರುತ್ತದೆ. ಉತ್ತರದ ಕಿಟಕಿಗೆ ವರ್ಷದ ಹೆಚ್ಚು ದಿನ ನೇರ ಬಿಸಿಲಿಲ್ಲ, ಬರೀ ಆಕಾಶದ ಬೆಳಕು, ಅದು ನೀಲಿ ಕಡೆಯದು. ಅಂಥ ಕೋಣೆಯಲ್ಲಿ ನೀಲಿಗೆ ವಾಲಿದ ಹಸಿರು ಇನ್ನಷ್ಟು ತಣ್ಣಗಾಗಿ, ಆಸ್ಪತ್ರೆಯ ಕಾರಿಡಾರಿನ ಹಾಗೆ ಆಗುತ್ತದೆ. ಅಲ್ಲಿಗೆ ಪಿಸ್ತಾ ಒಳ್ಳೆಯದು. ಪಶ್ಚಿಮದ ಕಿಟಕಿಯಿದ್ದರೆ ಅಸರ್ ಬಾಂಗಿನ ಹೊತ್ತಿನಿಂದ ಗೋಡೆಗೆಲ್ಲ ಹಳದಿ ಬೆಳಕು. ಅಲ್ಲಿ ಪಿಸ್ತಾ ಸಾಸಿವೆಯ ಕಡೆಗೆ ಹೋಗುತ್ತದೆ, ಏಲಕ್ಕಿಯೋ ಮರಮಿಯಾವೋ ತಡೆದುಕೊಳ್ಳುತ್ತದೆ. ಇದರ ಮೇಲೆ ನಮ್ಮ ಕಟ್ಟಡಗಳ ಕಿಟಕಿಗಳಿಗೆ ಬಿಸಿಲು ತಡೆಯಲು ಹಾಕಿದ ಬಣ್ಣದ ಗಾಜು ಬೇರೆ. ಕೆಲವು ಕಂದು, ಕೆಲವು ಹಸಿರೇ! ಕಿಟಕಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಕಾರ್ಡನ್ನು ನೋಡಿದರೆ ಗಾಜು ಏನು ಮಾಡುತ್ತಿದೆ ಎಂದು ತಿಳಿಯುತ್ತದೆ. ತೋಜ್ ಎದ್ದ ದಿನ ಮಾತ್ರ ಬಣ್ಣ ಆರಿಸಬೇಡಿ, ಊರೆಲ್ಲ ಕಿತ್ತಳೆ ಬಣ್ಣವಾಗಿರುತ್ತದೆ.

ನಿಜ ಹೇಳಬೇಕೆಂದರೆ ನೀವು ನಿಮ್ಮ ಕೋಣೆಯಲ್ಲಿ ಹಗಲಿಗಿಂತ ರಾತ್ರಿಯೇ ಹೆಚ್ಚು ಇರುತ್ತೀರಿ. ಬೇಸಿಗೆಯಲ್ಲಿ ಪರದೆ ಎಳೆದು, ಎ.ಸಿ. ಹಾಕಿ, ಹಗಲಲ್ಲೂ ದೀಪ ಉರಿಸುತ್ತೀರಿ. ಹಾಗಾಗಿ ಬಣ್ಣಕ್ಕಿಂತ ಮೊದಲು ಬಲ್ಬು ತೀರ್ಮಾನವಾಗಲಿ. ಎಲ್‌ಇಡಿ ಪೆಟ್ಟಿಗೆಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 3000ದ ಆಸುಪಾಸಿನದು ಹಳದಿ ಬೆಳಕು, 4000 ನಡುವಿನದು, 6500 ನೀಲಿ ಛಾಯೆಯ ಬೆಳ್ಳನೆ ಬೆಳಕು. ನಮ್ಮ ಮನೆಗಳಲ್ಲಿ ಬಹಳಷ್ಟು ಕಡೆ ಇರುವುದು ಈ 6500ರದ್ದು. ಬಣ್ಣಗಳನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎನ್ನುವುದಕ್ಕೆ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಇದೆ, 100ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು; 80 ಸಾಮಾನ್ಯ, 90 ಸಿಕ್ಕರೆ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಮಲಗುವ, ಓದುವ ಕೋಣೆಯ ಹಸಿರಿಗೆ 4000 ಸರಿಹೋಗುತ್ತದೆ. ನಿಮಗೆ ಹಳದಿ ಬೆಳಕೇ ಇಷ್ಟವಾದರೆ ಅದೇ ಇರಲಿ, ಆದರೆ ಬಣ್ಣವನ್ನು ಆ ಬೆಳಕಿನಲ್ಲೇ ಆರಿಸಿ.

ಬಣ್ಣದ ಪಕ್ಕದಲ್ಲಿ ಏನಿದೆ ಎನ್ನುವುದೂ ಮುಖ್ಯ. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮಿಶೆಲ್ ಶೆವ್ರೋಲ್ ಎಂಬ ರಸಾಯನ ವಿಜ್ಞಾನಿ ಮುಖ್ಯಸ್ಥರಾಗಿದ್ದರು. ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂದು ದೂರು ಬಂತು. ಅವರು ಪರೀಕ್ಷಿಸಿದರೆ ನೂಲಿನಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಗ್ರಂಥವನ್ನೇ ಹೊರತಂದರು. ನಿಮ್ಮ ಕೋಣೆಯಲ್ಲಿ ಇದರ ಅರ್ಥ ಇಷ್ಟು: ಕೆಂಪು ಅಥವಾ ಗುಲಾಬಿ ಪರದೆಯ ಪಕ್ಕ ಯಾವ ಹಸಿರೂ ಇನ್ನಷ್ಟು ಹಸಿರಾಗುತ್ತದೆ. ಈಗಿರುವ ಹಳದಿಗೆನೆ ಗೋಡೆಯ ಮೇಲೆ ನೇರವಾಗಿ ಒಂದು ಚೌಕ ಬಳಿದು ನೋಡಿದರೆ ಆ ಕೆನೆಬಣ್ಣ ಹಸಿರನ್ನು ನೀಲಿಗೆ ತಳ್ಳಿ ಮೋಸ ಮಾಡುತ್ತದೆ. ಇನ್ನೊಂದು ವಿಷಯ, ನಾಲ್ಕು ಗೋಡೆಗೂ ಒಂದೇ ಹಸಿರು ಬಳಿದರೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಪ್ರತಿ ಸಲವೂ ಇನ್ನಷ್ಟು ಹಸಿರಾಗುತ್ತ ಹೋಗುತ್ತದೆ. ಅದಕ್ಕೇ ಕಾರ್ಡಿನಲ್ಲಿ ಸೌಮ್ಯವಾಗಿದ್ದದ್ದು ಕೋಣೆಯಲ್ಲಿ ಅಬ್ಬರಿಸುತ್ತದೆ. ಎರಡರಲ್ಲಿ ಯಾವುದು ಎಂದು ಕೊನೆಗೂ ಗೊತ್ತಾಗದಿದ್ದರೆ ಬೂದು ಹೆಚ್ಚಿರುವುದನ್ನು ತೆಗೆದುಕೊಳ್ಳಿ.

ಮನೆಯವರೊಂದಿಗೆ ಜಗಳ ಬಂದರೆ ನೆನಪಿರಲಿ, ಎಲ್ಲರೂ ಒಂದೇ ಹಸಿರನ್ನು ನೋಡುತ್ತಿಲ್ಲ. ಕೆಂಪು ಹಸಿರುಗಳ ನಡುವೆ ವ್ಯತ್ಯಾಸ ಕಾಣದಿರುವುದು ಗಂಡಸರಲ್ಲಿ ಹೆಚ್ಚು; ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ. ನಮ್ಮ ಜನರಲ್ಲಿಯೂ ಇದೆ, ತಾವು ಹೀಗೆ ಎಂದು ಗೊತ್ತಿಲ್ಲದೆ ಇರುವವರೂ ಇದ್ದಾರೆ. ತಮ್ಮ ‘ಎರಡೂ ಒಂದೇ’ ಎಂದರೆ ಅದು ಉಡಾಫೆ ಆಗಿರಬೇಕೆಂದಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತ ಹೋಗುತ್ತದೆ, ನೀಲಿ ಬೆಳಕು ಒಳಗೆ ಇಳಿಯುವುದು ಕಡಿಮೆಯಾಗುತ್ತದೆ. ನಿಮ್ಮ ಕೋಣೆಯಲ್ಲಿ ಮೂರು ತಿಂಗಳು ಇರಲು ಬರುವ ಅಜ್ಜಿಗೆ ನಿಮ್ಮ ತಣ್ಣನೆಯ ಹಸಿರು ಮಂಕಾಗಿ ಕಾಣಬಹುದು. ಕಣ್ಣಿನ ಪೊರೆ ತೆಗೆಸಿಕೊಂಡು ಬಂದರೆ ಅದೇ ಗೋಡೆ ಅವರಿಗೆ ಫಳಫಳ ಎನ್ನುತ್ತದೆ. ನಿಮ್ಮ ಕಣ್ಣೂ ದಣಿಯುತ್ತದೆ. ಹಸಿರನ್ನೇ ಎರಡು ನಿಮಿಷ ದಿಟ್ಟಿಸಿ ಬಿಳಿ ಕಾಗದ ನೋಡಿದರೆ ಗುಲಾಬಿ ಛಾಯೆ ಕಾಣುತ್ತದೆ. ಎರಡು ಕಾರ್ಡು ನೋಡುವ ನಡುವೆ ಸ್ವಲ್ಪ ಹೊತ್ತು ಬೇರೆಲ್ಲಾದರೂ ನೋಡಿ.

ಈಗ ಕೆಲಸಕ್ಕೆ ಬರೋಣ. ಎರಡೂ ಬಣ್ಣದ ಸಣ್ಣ ಡಬ್ಬಿ ಮಾಡಿಸಿ. ಶುವೈಖ್‌ನ ಬಣ್ಣದ ಅಂಗಡಿಗಳಲ್ಲಿ ಬಿಳಿಯ ಬೇಸಿಗೆ ಯಂತ್ರದಲ್ಲಿ ಬಣ್ಣ ಬೆರೆಸಿ ಕೊಡುತ್ತಾರೆ. ಎರಡು ದಪ್ಪ ಬಿಳಿ ರಟ್ಟು ತೆಗೆದುಕೊಂಡು, ಸುತ್ತ ಎರಡು ಬೆರಳು ಬಿಳಿ ಅಂಚು ಬಿಟ್ಟು, ಎರಡು ಕೋಟು ಬಳಿಯಿರಿ. ರಟ್ಟು ದಿನಪತ್ರಿಕೆಯ ಒಂದು ಪುಟಕ್ಕಿಂತ ಚಿಕ್ಕದಾಗಿರಬಾರದು. ಪೂರ್ತಿ ಒಣಗುವ ತನಕ ತೀರ್ಪು ಕೊಡಬೇಡಿ. ಎಮಲ್ಷನ್ ಬಣ್ಣ ಹಸಿಯಾಗಿದ್ದಾಗ ತಿಳಿಯಾಗಿ ಕಾಣುತ್ತದೆ, ಒಣಗಿದಾಗ ಒಂದು ಮೆಟ್ಟಿಲು ಗಾಢವಾಗುತ್ತದೆ. ಆಮೇಲೆ ಒಂದು ರಟ್ಟನ್ನು ಕಿಟಕಿಯ ಎದುರಿನ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಮರುದಿನ ಎರಡನೆಯದು. ಮೂರನೆಯ ದಿನ ಎರಡನ್ನೂ ಕಿಟಕಿ ಇರುವ ಗೋಡೆಗೆ, ಅಂದರೆ ಕೋಣೆಯ ಅತಿ ಕತ್ತಲೆಯ ಗೋಡೆಗೆ ಹಚ್ಚಿ. ಬೆಳಿಗ್ಗೆ ಎದ್ದ ಕೂಡಲೆ, ಶಾಲೆ ಕಾಲೇಜಿನಿಂದ ಬಂದಾಗ, ರಾತ್ರಿ ದೀಪದಲ್ಲಿ ನೋಡಿ. ಚೆಂದ ಕಾಣುವ ಹೊತ್ತನ್ನು ಲೆಕ್ಕ ಹಾಕಬೇಡಿ. ಯಾವುದು ತನ್ನ ಅತಿ ಕೆಟ್ಟ ಹೊತ್ತಿನಲ್ಲೂ ನೋಡುವಂತಿದೆಯೋ ಅದು ನಿಮ್ಮದು.

ಇಷ್ಟೆಲ್ಲ ಮಾಡಿದ ಮೇಲೂ ಮನೆಯಲ್ಲಿ ಒಂದು ಮಾತು ಬರುತ್ತದೆ: ‘ಬಿಳೀನೇ ಇರಲಿ ಬಿಡು, ಮುಂದಿನ ವರ್ಷ ಎಲ್ಲಿರ್ತೀವೋ ಏನೋ.’ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಪ್ಪನ ಕೆಲಸ, ಇಕಾಮಾ, ಬಾಡಿಗೆ ಕರಾರು, ಎಲ್ಲವೂ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ನವೀಕರಣವಾಗುವ ಬದುಕು ಇದು. ಗೋಡೆಗೆ ಮೊಳೆ ಹೊಡೆಯಲೂ ಯೋಚಿಸುವವರು ನಾವು. ಹಾಗೆಂದು ಮುಂದಿನ ವರ್ಷ ಮುಂದಿನ ವರ್ಷ ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದ ಮನೆಗಳೂ ಇಲ್ಲಿ ಬೇಕಾದಷ್ಟಿವೆ. ನಿಮ್ಮ ಅಮ್ಮನಿಗೆ ಹಸಿರು ಎಂದರೆ ಮಲೆನಾಡೋ ಕರಾವಳಿಯೋ ಇರಬಹುದು, ಆಗುಂಬೆಯಲ್ಲಿ ವರ್ಷದ ಮಳೆ 7000 ಮಿಲಿಮೀಟರ್ ದಾಟುತ್ತದೆ. ಕುವೈತಿನಲ್ಲಿ ಅದು 110ರ ಆಸುಪಾಸು. ನೀವು ಕಣ್ಣು ಬಿಟ್ಟು ನೋಡಿದ ಹಸಿರು ಫೆಬ್ರವರಿ, ಮಾರ್ಚಿನಲ್ಲಿ ಮರುಭೂಮಿಯಲ್ಲಿ ತೆಳ್ಳಗೆ ಮೇಲೇಳುವ ಅರ್ಫಜ್ ಪೊದೆಯದು, ಈ ದೇಶದ ರಾಷ್ಟ್ರಪುಷ್ಪದ ಗಿಡದ ಬೂದುಹಸಿರು. ಅಮ್ಮ ಬಾಳೆಲೆಯ ಹಸಿರಿಗೆ ಕೈ ಚಾಚಿ, ನೀವು ಮರಮಿಯಾಕ್ಕೆ ಚಾಚಿದರೆ, ಇಬ್ಬರೂ ಅವರವರ ಊರಿನ ಹಸಿರನ್ನೇ ಕೇಳುತ್ತಿದ್ದೀರಿ. ನನ್ನ ಅಭಿಪ್ರಾಯ ಕೇಳಿದರೆ, ಕೋಣೆ ಯಾರದ್ದೋ ಬಣ್ಣ ಅವರದ್ದು. ಅಮ್ಮನಿಗೆ ಅಡುಗೆಮನೆ ಇದೆ, ಅಲ್ಲಿ ಬಾಳೆಲೆ ಹಸಿರು ಬಳಿಸಿಕೊಡಿ. ಅಪ್ಪನಿಗೆ ಮಾತ್ರ ಲೆಕ್ಕ ತೋರಿಸಿ, ಅವರು ಒಪ್ಪುತ್ತಾರೆ.

ಲೆಕ್ಕ ಹೀಗಿದೆ. ಕೋಣೆ 4 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 2.7 ಮೀಟರ್ ಎತ್ತರ ಎಂದುಕೊಳ್ಳಿ. ಸುತ್ತಳತೆ 15 ಮೀಟರ್, ಗೋಡೆ 40 ಚದರ ಮೀಟರ್ ಚಿಲ್ಲರೆ, ಬಾಗಿಲು ಕಿಟಕಿ ಕಳೆದರೆ 36. ಒಂದು ಲೀಟರ್ ಬಣ್ಣ ಒಂದು ಕೋಟಿಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆ. ಎರಡು ಕೋಟಿಗೆ ಆರೂವರೆ ಏಳು ಲೀಟರ್. ಒಂದೇ ಗೋಡೆಗೆ ಸಾಕು ಎಂದರೆ ಎರಡು ಲೀಟರ್ ಚಿಲ್ಲರೆ. ಬೇಕಾದಷ್ಟನ್ನೂ ಒಂದೇ ಸಲ ಮಾಡಿಸಿ, ಎರಡು ಡಬ್ಬಿಯಿದ್ದರೆ ದೊಡ್ಡ ಬಕೆಟ್ಟಿನಲ್ಲಿ ಸುರಿದು ಕಲಸಿಕೊಳ್ಳಿ, ಇಲ್ಲದಿದ್ದರೆ ಎರಡನೇ ಡಬ್ಬಿ ಶುರುವಾದ ಜಾಗ ಗೋಡೆಯ ನಡುವೆ ಗೆರೆಯಾಗಿ ಕಾಣಬಹುದು. ಹೊಳಪಿನ ಬಣ್ಣ ಒರೆಸಲು ಸುಲಭ, ಆದರೆ ಗೋಡೆಯ ಉಬ್ಬುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ. ನಮ್ಮ ಕಟ್ಟಡಗಳ ಪುಟ್ಟಿಯ ಅಂದಕ್ಕೆ ಮ್ಯಾಟ್ ವಾಸಿ. ಕೆಲಸ ನವೆಂಬರಿನಿಂದ ಮಾರ್ಚಿನ ಒಳಗೆ ಇಟ್ಟುಕೊಳ್ಳಿ, ಕಿಟಕಿ ತೆರೆದಿಟ್ಟು ವಾಸನೆ ಹೋಗಿಸಬಹುದು. ಹಾರಿಸ್‌ಗೆ ಹೇಳಿದರೆ ಸಾಲದು, ಮನೆ ಮಾಲೀಕರ ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಾದರೂ ಬರಹದಲ್ಲಿ ತೆಗೆದುಕೊಳ್ಳಿ.

ಮುಗಿದ ಮೇಲೆ ಡಬ್ಬಿಯ ಮುಚ್ಚಳದ ಮೇಲಿನ ಚೀಟಿಯ ಫೋಟೋ ತೆಗೆದಿಡಿ. ಬಣ್ಣದ ಕೋಡು, ಬೇಸು, ಬೆರಕೆಯ ಅಳತೆ ಎಲ್ಲ ಅದರಲ್ಲಿರುತ್ತದೆ. ಉಪ್ಪಿನಕಾಯಿ ಜಾಡಿಯಷ್ಟು ಬಣ್ಣವನ್ನು ಬಿಗಿಯಾಗಿ ಮುಚ್ಚಿ ಉಳಿಸಿಕೊಳ್ಳಿ, ಗೀರು ಬಿದ್ದಾಗ ಬೇಕಾಗುತ್ತದೆ. ಮನೆ ಬಿಡುವ ದಿನ ಬಂದರೆ ಏಲಕ್ಕಿ ಹಸಿರನ್ನು ಮುಚ್ಚಲು ಬಿಳಿಯ ಎರಡು ಕೋಟು ಸಾಕು. ಬಾಳೆಲೆಯ ಹಸಿರಾದರೆ ಮೊದಲು ಒಂದು ಕೋಟು ಪ್ರೈಮರ್ ಬಳಿದು, ಆಮೇಲೆ ಬಿಳಿ.